ಶೀತಲ ಪೆಟ್ಟಿಗೆಯವನ ಒಂದು ನಿಮಿಷ

ಬುಧವಾರ ಬೆಳಗ್ಗೆ ಎಂದರೆ ಈಗಲೂ ನನಗೆ ಅಲಾರಾಂ ಇಲ್ಲದೆಯೇ ಎಚ್ಚರವಾಗಿಬಿಡುತ್ತದೆ. ಅರಿಶಿನಕುಂಟೆ ಹತ್ತಿರ ಹೆದ್ದಾರಿ ಪಕ್ಕದ ಹೋಟೆಲೊಂದರ ಮೇಲಿನ ಹಾಲಿನಲ್ಲಿ ನಮ್ಮ ವ್ಯಾಪಾರಿಗಳ ಗುಂಪು ಸೇರುತ್ತಿದ್ದದ್ದು ಆ ದಿನ. ಬೆಳಕು ಸರಿಯಾಗಿ ಹರಿಯುವ ಮೊದಲೇ ಇಸ್ತ್ರಿ ಶರ್ಟು ಹಾಕಿ, ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡು ಹೋಗಿ ಕೂರಬೇಕು. ಒಬ್ಬೊಬ್ಬರೇ ಎದ್ದು ಒಂದು ನಿಮಿಷ ಮಾತಾಡಬೇಕು: ನಾನು ಯಾರು, ನನ್ನ ಕಸುಬೇನು, ನನಗೆ ಎಂಥ ಗಿರಾಕಿ ಬೇಕು. ಕೇಳಿಸಿಕೊಂಡವರಿಗೆ ಅಂಥವರು ಗೊತ್ತಿದ್ದರೆ ಚೀಟಿಯಲ್ಲಿ ಹೆಸರು, ನಂಬರು ಬರೆದು ಕೊಡುತ್ತಾರೆ. ಅದಕ್ಕೆ ಲೀಡ್ ಎಂದು ಹೆಸರು. ಲೀಡ್ ಕೊಟ್ಟಾಗಲೆಲ್ಲ ಚಪ್ಪಾಳೆ. ನಿಮಿಷ ಮುಗಿದರೆ ಅಧ್ಯಕ್ಷರು ಮೇಜಿನ ಮೇಲಿನ ಗಂಟೆ ಬಾರಿಸುತ್ತಾರೆ. ಹಾಲಿನೊಳಗೆ ಎಲ್ಲರೂ ಎಲ್ಲರಿಗೂ ಸರ್. ಕೆಳಗೆ ಪಾರ್ಕಿಂಗಿನಲ್ಲಿ “ಏನ್ ಗುರು” ಎಂದು ಬೆನ್ನು ತಟ್ಟಿದವರೇ ಮೆಟ್ಟಿಲು ಹತ್ತಿದ ಕೂಡಲೇ ಸರ್ ಆಗಿಬಿಡುತ್ತಿದ್ದರು.

ನನ್ನ ಕಸುಬು ಶಾಮಿಯಾನ. ಹಾಗಂತ ನಾನು ಹೇಳಿಕೊಳ್ಳುತ್ತಿದ್ದೆ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. ನೆಲಮಂಗಲ ಸುತ್ತಿನ ಮದುವೆ, ಗೃಹಪ್ರವೇಶಗಳಿಗೆ ನನ್ನ ಕಂಬ, ನನ್ನ ಬಟ್ಟೆ, ನನ್ನ ಕುರ್ಚಿ. ಆಮೇಲೆ ಹೆದ್ದಾರಿಯುದ್ದಕ್ಕೂ ದೊಡ್ಡ ದೊಡ್ಡ ಕನ್ವೆನ್ಷನ್ ಹಾಲುಗಳು ಎದ್ದವು. ಅವರದ್ದೇ ಅಲಂಕಾರ, ಅವರದ್ದೇ ಕುರ್ಚಿ. ನನ್ನ ಪಾಲಿಗೆ ಉಳಿದದ್ದು ಸಾವಿನ ಮನೆಯ ಪೆಂಡಾಲು ಮತ್ತು ಶೀತಲ ಪೆಟ್ಟಿಗೆ, ಅಂದರೆ ದೂರದ ನೆಂಟರು ಬರುವವರೆಗೆ ಹೆಣ ಕೆಡದಂತೆ ಇಡುವ ಗಾಜಿನ ಮುಚ್ಚಳದ ಪೆಟ್ಟಿಗೆ. ಅದನ್ನು ಸಾಗಿಸುವ ವ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ ಶೀತಲ ಪೆಟ್ಟಿಗೆ ಎಂದು ಬರೆಸಿದ್ದೆ. ಒಂದು ಸಲ ಸ್ನೇಹಿತನ ಮಗುವಿನ ನಾಮಕರಣಕ್ಕೆ ಅದೇ ವ್ಯಾನಿನಲ್ಲಿ ಹೋದೆ. ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಎದುರು ಮನೆಯವರು ಗಾಬರಿಯಿಂದ ಯಾರು ಹೋದರು ಎಂದು ಕೇಳಿಕೊಂಡು ಬಂದರು. ಆಮೇಲೆ ಆ ಸ್ನೇಹಿತ ನನ್ನನ್ನು ಯಾವುದಕ್ಕೂ ಕರೆಯಲಿಲ್ಲ. ನೆಂಟರೂ ಅಷ್ಟೇ, ಶುಭಕಾರ್ಯದ ಪತ್ರಿಕೆಗಳು ನಮ್ಮ ಮನೆಗೆ ತಡವಾಗಿ ಬರತೊಡಗಿದವು. ನನ್ನ ಹೆಂಡತಿ ಅದಕ್ಕೆ ಅತ್ತದ್ದೂ ಉಂಟು.

ಗುಂಪಿಗೆ ಸೇರಿದ್ದು ಅದಕ್ಕಾಗಿಯೇ. ಮದುವೆ ಆರ್ಡರುಗಳು ಮತ್ತೆ ಬರಬೇಕು, ಬದುಕಿರುವವರ ಮನೆಗೂ ನಾನು ಬೇಕಾದವನಾಗಬೇಕು. ಸೇರಿಸಿದವರು ಪೇಟೆಯ ಟೈಲ್ಸ್ ಅಂಗಡಿಯ ಮಾಲೀಕರು, ಆ ವರ್ಷ ಗುಂಪಿನ ಅಧ್ಯಕ್ಷರು. ಒಂದು ಕಸುಬಿಗೆ ಒಬ್ಬರೇ ಎನ್ನುವುದು ಅಲ್ಲಿಯ ನಿಯಮ. ಟೈಲ್ಸಿಗೆ ಅವರು, ಚಿನ್ನಕ್ಕೆ ಒಬ್ಬರು, ದನದ ಮೇವಿಗೆ ಒಬ್ಬರು, ಸಮಾರಂಭಕ್ಕೆ ನಾನು. ಗುಂಪಿನಲ್ಲಿ ಸಿಕ್ಕ ಆ ಕುರ್ಚಿಯ ಮೇಲೆ ನನಗೆ ವಿಪರೀತ ಆಸೆ ಇತ್ತು. ಆದರೆ ತಿಂಗಳು ಕಳೆದರೂ ಲೀಡ್ ಬರಲಿಲ್ಲ. ಎಲ್ಲರಿಗೂ ನನ್ನ ವ್ಯಾನು ಗೊತ್ತಿತ್ತು. ಕೈ ಕುಲುಕುವಾಗ ಚಿನ್ನದಂಗಡಿಯವರು ಬೆರಳ ತುದಿ ಮಾತ್ರ ಕೊಡುತ್ತಿದ್ದರು. ಅಷ್ಟರಲ್ಲಿ ಬೆಂಗಳೂರಿನ ಇವೆಂಟ್ ಕಂಪನಿಯೊಂದು ನನ್ನ ಜಾಗ ಕೇಳುತ್ತಿದೆ ಎಂಬ ಸುದ್ದಿ ಬೇರೆ ಬಂತು.

ಒಂದು ಬುಧವಾರ ನಮಗೆಲ್ಲ ಪಾಠ ಹೇಳಲು ತರಬೇತುದಾರರೊಬ್ಬರು ಬಂದರು. “ಯಾರಾದ್ರೂ ಇದ್ರೆ ಹೇಳಿ ಅಂತ ಕೇಳ್ಬೇಡಿ. ಯಾರಾದ್ರೂ ಅಂದ್ರೆ ಯಾರೂ ಇಲ್ಲ ಅಂತ. ಎಂಥವರು ಬೇಕು, ಎಲ್ಲಿಯವರು, ಯಾವ ಮನೆ, ಬಿಡಿಸಿ ಕೇಳಿ. ಕೇಳೋಕೆ ನಾಚಿಕೆ ಪಟ್ಟವನಿಗೆ ಲೀಡ್ ಬರಲ್ಲ,” ಎಂದರು. ನನಗೆ ಆ ಮಾತು ಚೆನ್ನಾಗಿ ನಾಟಿತು. ಎಷ್ಟು ಚೆನ್ನಾಗಿ ಎಂದರೆ, ನನ್ನ ಸರದಿ ಬಂದಾಗ ಮದುವೆಯ ಸುಳ್ಳು ಬಿಟ್ಟು ನಿಜವಾದ ವ್ಯಾಪಾರವನ್ನೇ ಕೇಳೋಣ ಎನಿಸಿತು.

“ನಿಮ್ಮ ಬೀದೀಲಿ, ನೆಂಟರಲ್ಲಿ ಹಾಸಿಗೆ ಹಿಡಿದಿರೋ ಹಿರಿಯರು ಇದ್ರೆ, ಆ ಮನೆ ಯಜಮಾನರ ನಂಬರ್ ಮೊದಲೇ ನಂಗೆ ಕೊಟ್ಟಿರಿ. ಕೊನೇ ಗಳಿಗೇಲಿ ಅವರು ಹುಡುಕಾಡೋದು ತಪ್ತದೆ,” ಎಂದೆ.

ಯಾರದೋ ಚಮಚ ತಟ್ಟೆಗೆ ಬಿತ್ತು. ಚಿನ್ನದಂಗಡಿಯವರು, “ಬಿಡ್ತು ಅನ್ನಿ ಸರ್, ಬಿಡ್ತು ಅನ್ನಿ,” ಎಂದರು. ನಾನು ಅಧ್ಯಕ್ಷರ ಮುಖ ನೋಡಿದೆ. ಅವರ ತಂದೆ ದಸರೆಯಿಂದ ಹಾಸಿಗೆ ಹಿಡಿದಿದ್ದಾರೆ ಎಂದು ಅವರೇ ಎರಡು ವಾರದ ಹಿಂದೆ ಹೇಳಿದ್ದು ಆಗ ನೆನಪಾಯಿತು. ಬೇರೆಯವರಿಗೂ ನೆನಪಾಗಿರಬೇಕು, ಎಲ್ಲರೂ ಅವರ ಕಡೆಯೇ ತಿರುಗಿದ್ದರು. ಅವರು ಗಂಟೆ ಬಾರಿಸಿ, “ನೆಕ್ಸ್ಟ್,” ಎಂದರು.

ಕೆಳಗಿಳಿದ ಮೇಲೆ ಅಧ್ಯಕ್ಷರು ನನ್ನನ್ನು ಪಾರ್ಕಿಂಗಿನಲ್ಲಿ ಹಿಡಿದುಕೊಂಡರು. “ನಮ್ಮಪ್ಪ ಇನ್ನೂ ಉಸಿರಾಡ್ತಾ ಅವ್ರೆ. ಗೊತ್ತಿರಲಿ.”

“ಸರ್, ನಿಮ್ಮನೇದು ತಲೇಲೇ ಇರ್ಲಿಲ್ಲ. ದೇವರಾಣೆಗೂ ಇಲ್ಲ.”

“ನಿಮ್ಮನ್ನ ಸೇರಿಸ್ಕೊಂಡೋನು ನಾನು. ಮುಂದಿನ ಬುಧವಾರ ಸಮಿತಿ ಕೂರ್ತದೆ. ನಿಮ್ ಜಾಗ ಇರ್ತದೋ ಹೋಗ್ತದೋ ಅವತ್ತೇ ತೀರ್ಮಾನ,” ಎಂದು ಕಾರು ಹತ್ತಿದರು. ಗುರು ಎನ್ನಲಿಲ್ಲ.

ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಹೆಂಡತಿಗೆ ಹೇಳಿದೆ. ಜಾಗ ಹೋದರೆ ಹೋಗಲಿ ಎನ್ನುತ್ತಾಳೇನೋ ಎಂದುಕೊಂಡಿದ್ದೆ. ಅವಳು ಹಾಗೆಲ್ಲ ಸಮಾಧಾನ ಹೇಳುವವಳಲ್ಲ. “ಬಾಯಿಗೊಂದು ಬೀಗ ಇರ್ಬೇಕಿತ್ತು ನಿಮಗೆ. ಹೋಗಿ ಕ್ಷಮೆ ಕೇಳಿ,” ಎಂದಳು. ಕೇಳಲು ಹೋಗಬೇಕೆಂದೇ ಇದ್ದೆ. ಶನಿವಾರ ಒಂದು ಫೋನ್ ಬಂತು. ಹೆಣ್ಣು ದನಿ. ಅಧ್ಯಕ್ಷರ ಹೆಂಡತಿ.

“ಬುಧವಾರ ನೀವಂದಿದ್ದನ್ನ ಹೇಳಿ ಇವ್ರು ಮನೇಲಿ ಕೂಗಾಡಿದ್ರು, ನಮ್ ಮಾವ ಕೇಳಿಸ್ಕೊಂಡ್ರು. ನಿಮ್ಮನ್ನ ನೋಡ್ಬೇಕಂತೆ. ಮಧ್ಯಾಹ್ನ ಬನ್ನಿ, ಇವ್ರು ಅಂಗಡೀಲಿರ್ತಾರೆ.” ಫೋನ್ ಇಡುವ ಮೊದಲು ಹೇಳಿದರು, “ದಯವಿಟ್ಟು ಆ ಗಾಡಿ ತರ್ಬೇಡಿ.”

ಹೆಂಡತಿಯ ಸ್ಕೂಟರಿನಲ್ಲಿ ಹೋದೆ. ದೊಡ್ಡಬಳ್ಳಾಪುರ ರಸ್ತೆಯಿಂದ ಒಳಗೆ, ಅವರ ಹಳ್ಳಿಯಲ್ಲೇ ಮನೆ. ಹಳೇ ಮನೆ ಕೆಡವಿ ಕಟ್ಟಿಸಿದ್ದು, ಗೇಟಿನಿಂದ ಅಡುಗೆಮನೆಯವರೆಗೂ ಅವರ ಅಂಗಡಿಯದ್ದೇ ಹೊಳೆಯುವ ಟೈಲ್ಸು. ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ಮುದುಕರು ದಿಂಬಿಗೆ ಒರಗಿದ್ದರು. ಮೈ ಇಳಿದುಹೋಗಿತ್ತು. ಕಣ್ಣು ಮಾತ್ರ ಚುರುಕಾಗಿತ್ತು. ಸೊಸೆ ನೀರು ತಂದಿಟ್ಟು ಬಾಗಿಲ ಹತ್ತಿರವೇ ನಿಂತರು, ಒಂದು ಕಿವಿ ರಸ್ತೆಯ ಕಡೆಗೆ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಮುದುಕರು ಕೈ ಎತ್ತಿ ತಡೆದರು.

“ಅದೆಲ್ಲ ಇರ್ಲಿ ಕಣಪ್ಪ. ನಿನ್ ಪೆಟ್ಟಿಗೆ ಕರೆಂಟು ಹೋದ್ರೆ ಏನ್ ಮಾಡ್ತೀಯ?”

“ಜನರೇಟರ್ ಇಟ್ಟಿದೀನಿ ಯಜಮಾನ್ರೆ,” ಎಂದೆ.

“ಒಂದು ದಿನ ಇಡಬೋದಾ?”

“ಅದಕ್ಕಿಂತ ಜಾಸ್ತೀನೂ ಇಡಬೋದು. ಯಾಕೆ ಕೇಳ್ತಿದೀರಿ?”

ಅವರು ಸೊಸೆಯ ಕಡೆ ನೋಡಿದರು. ಸೊಸೆ ತಲೆ ತಗ್ಗಿಸಿದರು. ಆಮೇಲೆ ಮುದುಕರು ನಿಧಾನವಾಗಿ, ನಡುನಡುವೆ ಉಸಿರು ಎಳೆದುಕೊಳ್ಳುತ್ತ ಹೇಳಿದರು. ಒಬ್ಬಳು ಮಗಳಿದ್ದಾಳೆ. ಹೊಸಕೋಟೆ ಆಚೆ, ಅನುಗೊಂಡನಹಳ್ಳಿ ಕಡೆಗೆ ಕೊಟ್ಟಿದ್ದಾರೆ. ಅಳಿಯನದು ಬೂಸಾ ಅಂಗಡಿ. ರಸ್ತೆಗೆ ಜಮೀನು ಹೋಗಿ ಪರಿಹಾರದ ದುಡ್ಡು ಬಂದಾಗ ಅವಳು ತನ್ನ ಪಾಲು ಕೇಳಿದಳು, ಅಣ್ಣ ತೋರಿಸಿದ ಕಡೆ ಸಹಿ ಹಾಕಲಿಲ್ಲ. ಅವತ್ತಿಂದ ಅಣ್ಣ ಅವಳನ್ನು ಹೊಸ್ತಿಲು ತುಳಿಸಿಲ್ಲ. ಅಪ್ಪ ಮಲಗಿರುವ ವಿಷಯವೂ ಅವಳಿಗೆ ಗೊತ್ತಿಲ್ಲ.

“ನಾನ್ ಹೋದ ತಕ್ಷಣ ಇವನು ತಡ ಮಾಡಲ್ಲ. ಅವಳು ಅಲ್ಲಿಂದ ಬರೋಷ್ಟರಲ್ಲಿ ತೋಟದಲ್ಲಿ ಮಣ್ಣು ಮಾಡಿ ಕೈ ತೊಳ್ಕೊಂಡಿರ್ತಾನೆ. ಮೈ ಕೆಡ್ತದೆ, ಕಾಯೋಕಾಗಲ್ಲ ಅಂದ್ರೆ ಊರೋರೂ ಹೂಂ ಅಂತಾರೆ. ನಿನ್ ಪೆಟ್ಟಿಗೆ ಬಂದುಬಿಟ್ರೆ ಆ ನೆಪ ಇರಲ್ಲ. ನೀನು ಮೊದಲೇ ಬಂದುಬಿಡು. ಅವಳು ನನ್ ಮುಖ ನೋಡೋವರೆಗೂ ನನ್ನ ಎತ್ತೋಕೆ ಬಿಡಬೇಡ. ಅಷ್ಟು ಮಾಡ್ತೀಯಾ?”

ನನಗೆ ಎದೆ ಒಡೆದುಹೋಯಿತು. ಸಿಟ್ಟೂ ಬಂತು. ನನ್ನ ಕಸುಬೇ ಅದಾದರೂ, ಮಗಳನ್ನು ನೋಡಲು ಮನುಷ್ಯ ಪೆಟ್ಟಿಗೆಯೊಳಗೆ ಕಾಯುವ ಲೆಕ್ಕ ಹಾಕುವುದು ನನಗೆ ಸಹಿಸಲಾಗಲಿಲ್ಲ.

“ಅವಾಗ ಯಾಕೆ? ಈಗ್ಲೇ ಕರೆಸ್ಕೊಳಿ. ಫೋನ್ ಮಾಡ್ಕೊಡ್ತೀನಿ, ನಂಬರ್ ಹೇಳಿ.”

“ಫೋನ್ ಅವನತ್ರ ಐತೆ. ಜಮೀನು ಏಜೆಂಟ್ರು ಕಾಟ ಅಂತ ಈಸ್ಕೊಂಡ. ನಂಬರೆಲ್ಲ ಅದ್ರಲ್ಲೇ.”

ಸೊಸೆ ಬಾಗಿಲಿಂದಲೇ ಹೇಳಿದರು, “ನನ್ ಫೋನಿಂದಾನೂ ತೆಗೆಸಿಬಿಟ್ಟವ್ರೆ.”

ಅಷ್ಟರಲ್ಲಿ ಕಾರಿನ ಸದ್ದಾಯಿತು. ಸೊಸೆ ಒಳಗೆ ಸರಿದುಬಿಟ್ಟರು. ನಾನು ಎದ್ದು ನಿಲ್ಲುವಷ್ಟರಲ್ಲಿ ಅಧ್ಯಕ್ಷರು ಬಾಗಿಲಲ್ಲಿದ್ದರು. ನನ್ನನ್ನು ಕೆಳಗಿಂದ ಮೇಲಿನವರೆಗೂ ನೋಡಿ, “ಅಳತೆ ತಗೊಳೋಕೆ ಬಂದ್ರಾ?” ಎಂದರು.

“ನಾನೇ ಕರೆಸಿದ್ದು ಕಣೋ,” ಎಂದರು ಮುದುಕರು. ಅಷ್ಟು ಹೇಳುವುದಕ್ಕೇ ಕೆಮ್ಮು ಹತ್ತಿತು. ಮಗ ಓಡಿಹೋಗಿ ಬೆನ್ನಿಗೆ ಕೈ ಕೊಟ್ಟು ಎತ್ತಿ ಕೂರಿಸಿದರು, ಬಾಯಿ ಒರೆಸಿದರು. ಪ್ರೀತಿ ಇಲ್ಲದವರ ಕೈ ಹಾಗಿರುವುದಿಲ್ಲ. ಅದನ್ನು ನೋಡಿ ನನಗೆ ಇನ್ನೂ ಗೊಂದಲವಾಯಿತು.

ಗೇಟಿನ ತನಕ ಅವರು ನನ್ನ ಜೊತೆ ಬಂದರು. “ಏನಂದ್ರು ಅಪ್ಪ?”

“ಕರೆಂಟು ಹೋದ್ರೆ ಪೆಟ್ಟಿಗೆ ಏನಾಗ್ತದೆ ಅಂತ ಕೇಳಿದ್ರು.”

“ಅಷ್ಟೇನಾ?”

ನಾನು ಸ್ಕೂಟರಿನ ಸ್ಟ್ಯಾಂಡ್ ತೆಗೆದೆ. ಅವರು ಹತ್ತಿರ ಬಂದು ದನಿ ತಗ್ಗಿಸಿದರು. “ನೋಡಿ ಗುರು, ಮನೆ ವಿಷಯ ಮನೇಲೇ ಇರ್ಲಿ. ನೀವು ತಲೆ ಹಾಕ್ಬೇಡಿ. ಬುಧವಾರದ್ದು ನಾನು ನೋಡ್ಕೋತೀನಿ. ನಿಮ್ ಜಾಗಕ್ಕೆ ಏನೂ ಆಗಲ್ಲ.”

ಮತ್ತೆ ಗುರು ಆಗಿದ್ದೆ. ನಾನು ಸುಳ್ಳು ಹೇಳುವುದಿಲ್ಲ, ಆ ಕ್ಷಣಕ್ಕೆ ಹಾಯೆನಿಸಿತು. ಹೆದ್ದಾರಿ ಸೇರುವವರೆಗೂ ಕುರ್ಚಿ ಉಳಿಯಿತು, ಕುರ್ಚಿ ಉಳಿಯಿತು ಎಂದು ಸ್ಕೂಟರ್ ಓಡಿಸಿದೆ. ಹೆದ್ದಾರಿ ಸೇರಿದ ಮೇಲೆ ಮುದುಕರ ಕಣ್ಣು ಕಾಡಲು ಶುರುವಾಯಿತು.

ಹುಡುಕಿಕೊಂಡು ಹೋಗೋಣವೆಂದರೆ ಅನುಗೊಂಡನಹಳ್ಳಿ ಹೋಬಳಿಯಲ್ಲಿ ಬೂಸಾ ಅಂಗಡಿಗಳಿಗೇನು ಕೊರತೆ. ಮುದುಕರ ಉಸಿರು ನೋಡಿದ ಮೇಲೆ ನಿಧಾನ ಮಾಡುವ ಧೈರ್ಯವೂ ಇರಲಿಲ್ಲ. ಆಗ ಹೊಳೆದದ್ದು ನಮ್ಮ ಗುಂಪಿನ ದನದ ಮೇವಿನ ಸಗಟು ವ್ಯಾಪಾರಿ. ಹೊಸಕೋಟೆ ಕಡೆಗೆಲ್ಲ ಅವರ ಲಾರಿ ಹೋಗುತ್ತದೆ. ಎರಡು ದಿನ ಫೋನ್ ಮಾಡಿದೆ, ಊರಲ್ಲಿರಲಿಲ್ಲ, ಎತ್ತಲಿಲ್ಲ. ಬುಧವಾರ ಮೀಟಿಂಗಿಗೆ ಮೊದಲು ಕಾಫಿ ಕುಡಿಯುವಾಗ ಪಕ್ಕಕ್ಕೆ ಕರೆದು ಗುಟ್ಟಾಗಿ ಕೇಳಿಬಿಡೋಣ, ಕುರ್ಚಿಯೂ ಉಳಿಯಲಿ, ಮುದುಕರ ಕೆಲಸವೂ ಆಗಲಿ ಎಂದು ನನ್ನ ಉಪಾಯ.

ಅವತ್ತೇ ಆ ಮನುಷ್ಯ ತಡವಾಗಿ ಬಂದರು. ಬರುವಷ್ಟರಲ್ಲಿ ಎಲ್ಲರೂ ಕೂತಾಗಿತ್ತು. ನನ್ನ ಪಕ್ಕದಲ್ಲಿ ಅತಿಥಿ ಎಂಬ ಬ್ಯಾಡ್ಜು ಹಾಕಿಕೊಂಡು ಇವೆಂಟ್ ಕಂಪನಿಯ ಹುಡುಗ ಕೂತಿದ್ದ, ಘಮಘಮ ಸೆಂಟು ಹಾಕಿಕೊಂಡು. ಅಧ್ಯಕ್ಷರು ನನ್ನ ಕಡೆ ನೋಡಿ ಸಣ್ಣಗೆ ತಲೆ ಆಡಿಸಿದರು. ಎಲ್ಲ ಸರಿಯಾಗಿದೆ, ಸುಮ್ಮನಿರಿ ಎಂದು ಅದರ ಅರ್ಥ. ತಿಂಡಿ ಮುಗಿದ ಕೂಡಲೇ ಮೇವಿನವರು ಲಾರಿ ಲೋಡಿಗೆ ಹೋಗಬೇಕೆಂದು ಪಕ್ಕದವರಿಗೆ ಹೇಳುತ್ತಿದ್ದದ್ದು ಕೇಳಿಸಿತು. ನನ್ನ ಸರದಿ ಬಂತು.

ಎದ್ದು ನಿಂತೆ. ಮದುವೆ ಸೀಸನ್ನು, ಹೊಸ ಡಿಸೈನಿನ ಪೆಂಡಾಲು ಎಂದು ಮನೆಯಲ್ಲಿ ಕಲಿತುಬಂದ ಮಾತುಗಳಿದ್ದವು. ಅಧ್ಯಕ್ಷರ ಆ ತಲೆಯಾಡಿಕೆ ನನ್ನನ್ನು ಕೆರಳಿಸಿತು. ನನ್ನ ಬಾಯಿಯ ಬೀಗದ ಕೀಲಿ ಅವರ ಜೇಬಿನಲ್ಲಿದೆ ಎನ್ನುವಂತೆ ಕೂತಿದ್ದರು.

“ನಂಗೆ ಇವತ್ತು ಗಿರಾಕಿ ಬೇಡ ಸರ್. ಒಬ್ಬ ಹೆಣ್ಮಗಳ ನಂಬರ್ ಬೇಕು. ಅನುಗೊಂಡನಹಳ್ಳಿ ಕಡೆ ಇದಾರೆ, ಮನೆಯವರದು ಬೂಸಾ ಅಂಗಡಿ. ತೌರುಮನೆ ನಮ್ ಕಡೆ, ದೊಡ್ಡಬಳ್ಳಾಪುರ ರಸ್ತೆ—”

ಗಂಟೆ ಹೊಡೆಯಿತು. ನಿಮಿಷ ಎಲ್ಲಿ ಆಗಿತ್ತು, ನಾನು ಈಗಷ್ಟೇ ಶುರು ಮಾಡಿದ್ದೆ. ಜನ ಗಡಿಯಾರ ನೋಡಿದರು. ಅಧ್ಯಕ್ಷರ ಕೈ ಗಂಟೆಯ ಮೇಲೇ ಇತ್ತು, ಬೆರಳುಗಳು ಬೆಳ್ಳಗಾಗಿದ್ದವು. “ಟೈಮ್ ಆಯ್ತು, ಕೂತ್ಕೊಳಿ ಸರ್,” ಎಂದರು.

ನಾನು ಕೂರಲಿಲ್ಲ. ಹೆಣ್ಣುಮಗಳ ಹೆಸರು, ಗಂಡನ ಹೆಸರು ಎರಡನ್ನೂ ಹೇಳಿದೆ, ಮುದುಕರು ಹೇಳಿಕೊಟ್ಟಿದ್ದರು. ತೌರಿನವರು ಯಾರೆಂದು ಮಾತ್ರ ಹೇಳಲಿಲ್ಲ. “ಅವರ ತಂದೆಗೆ ಹುಷಾರಿಲ್ಲ. ಮಗಳನ್ನ ನೋಡ್ಬೇಕು ಅಂತಾವ್ರೆ. ಆಯಮ್ಮಂಗೆ ವಿಷಯಾನೇ ಗೊತ್ತಿಲ್ಲ. ಇಲ್ಲಿರೋ ಯಾರಿಗಾದ್ರೂ ಆ ಅಂಗಡಿ ಗೊತ್ತಿದ್ರೆ ಈಗ್ಲೇ ಹೇಳಿ.”

ಗಂಟೆ ಮತ್ತೆ ಹೊಡೆಯಿತು. ಅದರ ಮೇಲೆಯೇ ಮೇವಿನ ವ್ಯಾಪಾರಿಯ ದನಿ ಬಂತು, ತಿಂಡಿ ತಟ್ಟೆಯಿಂದ ತಲೆ ಎತ್ತದೆ. “ಅಯ್ಯೋ, ಆ ಅಂಗಡಿಗೆ ಮಾಲ್ ಹಾಕೋದೇ ನಾನು ಸರ್. ಬರ್ಕೊಡ್ತೀನಿ ತಗೊಳಿ.”

ಚೀಟಿ ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂತು. ಲೀಡ್ ಬಂದರೆ ಚಪ್ಪಾಳೆ ತಟ್ಟಬೇಕಲ್ಲ, ಎಲ್ಲರೂ ತಟ್ಟಿದರು. ಇವೆಂಟ್ ಹುಡುಗನೂ ತಟ್ಟಿದ. ಅಧ್ಯಕ್ಷರು ತಟ್ಟಲಿಲ್ಲ. ಹಾಲಿನಲ್ಲಿ ಇನ್ನಾರಿಗೂ ಏನೂ ಗೊತ್ತಾಗಲಿಲ್ಲ, ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ನಾನು ಚೀಟಿ ಹಿಡಿದುಕೊಂಡು ಹೊರಗೆ ನಡೆದುಬಿಟ್ಟೆ.

ಪಾರ್ಕಿಂಗಿನಲ್ಲಿ ನಿಂತು ಫೋನ್ ಮಾಡಿದೆ. ಎತ್ತಿದ್ದು ಆ ಹೆಣ್ಣುಮಗಳೇ. ಹೆದ್ದಾರಿ ಲಾರಿಗಳ ಸದ್ದಿನಲ್ಲಿ ಒಂದು ಕಿವಿ ಮುಚ್ಚಿಕೊಂಡು ವಿಷಯ ಹೇಳಿದೆ.

“ಅಣ್ಣಂಗೆ ಗೊತ್ತಾ ನೀವು ಫೋನ್ ಮಾಡ್ತಿರೋದು?”

“ಗೊತ್ತಮ್ಮ. ಈಗಷ್ಟೇ ಗೊತ್ತಾಯ್ತು.”

“ಅಪ್ಪ ಮಾತಾಡ್ತಾರಾ?”

“ಮಾತಾಡ್ತಾರೆ. ಇವತ್ತೇ ಹೊರಡಿ.”

ಆಮೇಲೆ ಕೇಳಿಸಿದ್ದು ಅಳು. ಫೋನ್ ಇಟ್ಟು ತಿರುಗಿದರೆ ಅಧ್ಯಕ್ಷರು ಕೊನೆಯ ಮೆಟ್ಟಿಲ ಮೇಲಿದ್ದರು. ಹೊಡೆಯುತ್ತಾರೆ ಎಂದೇ ನಾನು ತಿಳಿದೆ, ಹೊಡೆಯಲಿ ಎಂದು ನಿಂತೆ. ಹೊಡೆಯಲಿಲ್ಲ.

“ಇಷ್ಟು ಜನದ ಮುಂದೆ,” ಎಂದರು. ಅವರ ಕಣ್ಣು ಕೆಂಪಾಗಿತ್ತು. “ಇನ್ಮೇಲೆ ನಮ್ಮನೆ ಕೆಲ್ಸ ಯಾವುದಕ್ಕೂ ನಿಮ್ಮನ್ನ ಕರೆಯಲ್ಲ. ಯಾವುದಕ್ಕೂ.”

ಆ ಮಧ್ಯಾಹ್ನವೇ ಮಗಳು ಬಂದರಂತೆ. ಗೇಟು ತೆರೆದದ್ದು ಸೊಸೆ. ಸಂಜೆ ಮಗ ಬಂದಾಗ ತಂಗಿ ಅಪ್ಪನಿಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತಿನ್ನಿಸುತ್ತಿದ್ದರಂತೆ. ಅಧ್ಯಕ್ಷರು ನೇರ ಮಹಡಿಗೆ ಹೋದರಂತೆ. ಇದಿಷ್ಟೂ ಸೊಸೆ ಫೋನಿನಲ್ಲಿ ಹೇಳಿದ್ದು. ನನ್ನ ಜಾಗ ಇವೆಂಟ್ ಕಂಪನಿಗೆ ಹೋಯಿತು. ಗುಂಪಿನ ವಾಟ್ಸಾಪಿನಿಂದ ತೆಗೆದುಹಾಕಿದ್ದನ್ನು ನೋಡಿ ಹೆಂಡತಿ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಕೇಳಿದಳು, “ಆ ಯಜಮಾನ್ರು ಹೆಂಗವ್ರೆ?”

ಅವರು ಸಂಕ್ರಾಂತಿ ಕಳೆಯುವವರೆಗೂ ಇದ್ದರು. ಸುದ್ದಿ ನನಗೆ ಗೊತ್ತಾದದ್ದು ಪೇಟೆಯ ಹೂವಿನವಳಿಂದ. ಹಾರಗಳ ಆರ್ಡರು ಅವಳಿಗೆ ಬಂದಿತ್ತು. ನನಗೆ ಯಾರೂ ಫೋನ್ ಮಾಡಿರಲಿಲ್ಲ. ಹೋಗಲೋ ಬೇಡವೋ ಎಂದು ಬಹಳ ಹೊತ್ತು ಒದ್ದಾಡಿ, ವ್ಯಾನು ಬಿಟ್ಟು ಸ್ಕೂಟರಿನಲ್ಲೇ ಹೋದೆ.

ಮನೆ ಮುಂದೆ ಬೆಂಗಳೂರಿನಿಂದ ತರಿಸಿದ ಪೆಟ್ಟಿಗೆ ಇತ್ತು. ನನ್ನದಕ್ಕಿಂತ ಹೊಸದು. ಬಾಡಿಗೆಗೆ ತಂದ ಹುಡುಗರು ವೈರನ್ನು ಜನ ಓಡಾಡುವ ದಾರಿಯಲ್ಲೇ ಎಳೆದಿದ್ದರು. ಸರಿಮಾಡೋಣ ಎಂದು ಅಭ್ಯಾಸಬಲದಿಂದ ಬಗ್ಗಿದೆ. ಆಚೆ ಕಂಬದ ಹತ್ತಿರ ಅಧ್ಯಕ್ಷರು ನಿಂತು ನನ್ನನ್ನೇ ನೋಡುತ್ತಿದ್ದರು. ಕೈ ಹಿಂದಕ್ಕೆ ತೆಗೆದುಕೊಂಡೆ. ಬಂದದ್ದೇ ತಪ್ಪಾಯಿತು, ಮುಖ ನೋಡಿ ಹೊರಟುಬಿಡೋಣ ಎಂದು ನಿಂತಿದ್ದಾಗ ಪೆಟ್ಟಿಗೆಯ ತಲೆಯ ಕಡೆ ಕೂತಿದ್ದ ಹೆಂಗಸೊಬ್ಬರು ಎದ್ದು ಬಂದರು. ನಾನು ಅವರನ್ನು ಕಂಡಿರಲಿಲ್ಲ. ಕಣ್ಣು ನೋಡಿದ ಕೂಡಲೇ ಯಾರೆಂದು ತಿಳಿಯಿತು, ಅಪ್ಪನದೇ ಕಣ್ಣು.

“ಫೋನ್ ಮಾಡಿದ್ದೋರು ನೀವಲ್ವಾ? ಅತ್ತಿಗೆ ತೋರ್ಸಿದ್ರು,” ಎಂದರು. “ಅಪ್ಪ ಕೊನೇವರೆಗೂ ನನ್ ಕೈ ಹಿಡ್ಕೊಂಡಿದ್ರು. ಪೆಟ್ಟಿಗೆ ಅಣ್ಣ ಬೇರೆ ಕಡೆಯಿಂದ ತರಿಸವ್ನೆ. ಇವತ್ತು ನಿಮಗಿಲ್ಲಿ ಏನೂ ಕೆಲ್ಸ ಇಲ್ಲ. ಬನ್ನಿ, ನಮ್ ಜೊತೆ ಕೂತ್ಕೊಳಿ.”

ಇಷ್ಟು ವರ್ಷದಲ್ಲಿ ಎಷ್ಟು ಸಾವಿನ ಮನೆಗಳಿಗೆ ಹೋಗಿದ್ದೇನೋ ನನಗೇ ಗೊತ್ತಿಲ್ಲ. ಪ್ಲಗ್ಗು ಎಲ್ಲಿ, ನೆರಳೆಲ್ಲಿ, ಜನರೇಟರ್ ಎಲ್ಲಿಡಲಿ ಎಂದು ಓಡಾಡಿದ್ದೇನೆಯೇ ಹೊರತು ಒಂದು ಕಡೆಯೂ ಕೂತಿರಲಿಲ್ಲ. ಗಾಜಿನೊಳಗಿನ ಮುಖಗಳನ್ನು ನೋಡಿದ್ದೇ ಇಲ್ಲ ಎನ್ನಬೇಕು. ಅವತ್ತು ಚಾಪೆಯ ತುದಿಯಲ್ಲಿ ಕೂತು ಆ ಮುದುಕರ ಮುಖ ನೋಡಿದೆ. ಕೈಗೆ ಕೆಲಸವಿರಲಿಲ್ಲ. ದುಃಖ ಎಲ್ಲಿತ್ತೋ, ತಡೆಯಲಾಗದೆ ಬಂತು. ಮನೆಯವರೆಲ್ಲ ತಿರುಗಿ ನೋಡುವ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಕೊನೆಗೆ ತಂದೆಯನ್ನು ಕಳೆದುಕೊಂಡ ಆ ಹೆಣ್ಣುಮಗಳೇ ನನ್ನ ಬೆನ್ನು ಸವರಿ ಸಮಾಧಾನ ಮಾಡಬೇಕಾಯಿತು.